ಎರಡು ತಿಂಗಳ ಅಡ್ವಾನ್ಸ್ ಸಾಕು: ವೈಟ್‌ಫೀಲ್ಡ್ ರಸ್ತೆಯಿಂದ ಮುಖ್ಯಮಂತ್ರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಮುಖ್ಯಮಂತ್ರಿಗಳಿಗೆ,

ನಮಸ್ಕಾರ. ನಾನು ವೈಟ್‌ಫೀಲ್ಡ್ ರಸ್ತೆಯ ಒಂದು ಮಾಲ್ ಹಿಂದಿನ ಅಪಾರ್ಟ್‌ಮೆಂಟಿನಲ್ಲಿ ಬಾಡಿಗೆಗಿದ್ದೇನೆ. ಗಂಡ, ಹೆಂಡತಿ, ಶಾಲೆಗೆ ಹೋಗುವ ಮಗಳು, ಇಷ್ಟೇ ನಮ್ಮ ಸಂಸಾರ. ಊರು ತಿಪಟೂರು ಕಡೆ. ನಿಮ್ಮ ಹತ್ತಿರ ಕೇಳುವುದು ಒಂದೇ. ಮನೆ ಬಾಡಿಗೆಗೆ ಕೊಡುವವರು ಎರಡು ತಿಂಗಳ ಬಾಡಿಗೆಗಿಂತ ಜಾಸ್ತಿ ಅಡ್ವಾನ್ಸ್ ತೆಗೆದುಕೊಳ್ಳಬಾರದು, ಖಾಲಿ ಮಾಡಿ ಬೀಗದ ಕೈ ಕೊಟ್ಟ ದಿನವೇ ಲೆಕ್ಕ ಬರೆದುಕೊಟ್ಟು ಉಳಿದ ದುಡ್ಡು ವಾಪಸ್ ಮಾಡಬೇಕು ಅಂತ ಕರ್ನಾಟಕದಲ್ಲಿ ಕಾನೂನು ತನ್ನಿ. ಬಾಡಿಗೆ ಐದು ಸಾವಿರವಿರಲಿ, ಐವತ್ತು ಸಾವಿರವಿರಲಿ, ಎಲ್ಲರಿಗೂ ಅದು ಅನ್ವಯಿಸಲಿ.

ಅಡ್ವಾನ್ಸ್ ವಿಷಯ ಮುಖ್ಯಮಂತ್ರಿವರೆಗೆ ಹೋಗುವಷ್ಟು ದೊಡ್ಡದಾ ಅಂತ ಯಾರಿಗಾದರೂ ಅನ್ನಿಸಬಹುದು. ಬಾಡಿಗೆ ಮನೆಯಲ್ಲಿ ಇರುವವರು ಹಾಗೆ ಅನ್ನುವುದಿಲ್ಲ. ನೀರು, ಸದ್ದು, ಲಿಫ್ಟು, ಸೋರುವ ಗೋಡೆ, ಏನೇ ತೊಂದರೆ ಇದ್ದರೂ ನಾವು ಬಾಯಿ ಮುಚ್ಚಿಕೊಂಡಿರುವುದು ಆ ಅಡ್ವಾನ್ಸ್‌ನಿಂದಾಗಿ. ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಮ್ಮ ಕಡೆ ಈ ಹದಿನೈದು ವರ್ಷದಲ್ಲಿ ಎಷ್ಟು ಬದಲಾಗಿದೆ ಅಂತ ನಿಮಗೆ ಗೊತ್ತು. 2011ರಲ್ಲಿ ಫೀನಿಕ್ಸ್ ಮಾರ್ಕೆಟ್‌ಸಿಟಿ ಮಾಲ್ ಬಂತು. ಆಮೇಲೆ ಅದೇ ರಸ್ತೆಯಲ್ಲಿ ವಿ.ಆರ್. ಮಾಲ್, ಮುಂದೆ ಐಟಿಪಿಎಲ್ ಅನ್ನುವ ಐಟಿ ಪಾರ್ಕ್ ಕಡೆ ಶಾಂತಿನಿಕೇತನ ಮಾಲ್. 2023ರ ಮಾರ್ಚ್‌ನಲ್ಲಿ ಕೆ.ಆರ್. ಪುರದಿಂದ ಕಾಡುಗೋಡಿಗೆ ಮೆಟ್ರೋ ಶುರುವಾಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಬೈಯಪ್ಪನಹಳ್ಳಿ ಜೊತೆ ಕೂಡಿಕೊಂಡು ಮೆಜೆಸ್ಟಿಕ್‌ವರೆಗೆ ಒಂದೇ ರೈಲಿನಲ್ಲಿ ಹೋಗುವ ಹಾಗಾಯಿತು. ಒಳ್ಳೆಯದೇ ಆಯಿತು. ಆದರೆ ಒಂದೊಂದು ಬಂದಾಗಲೂ ಬಾಡಿಗೆ ಏರಿತು. ಈಗ ಬ್ರೋಕರ್ ಮನೆ ತೋರಿಸುವಾಗ ಅಡುಗೆಮನೆಗಿಂತ ಮೊದಲು ಬಾಲ್ಕನಿಗೆ ಕರೆದುಕೊಂಡು ಹೋಗುತ್ತಾರೆ. ‘ನೋಡಿ ಮೇಡಂ, ಮಾಲ್ ಇಲ್ಲೇ, ಮೆಟ್ರೋ ಅಲ್ಲೇ’ ಅಂದು ಆಮೇಲೆ ರೇಟು ಹೇಳುತ್ತಾರೆ.

ಮಾಲ್ ಹತ್ತಿರ ಇರುವುದರಿಂದ ಅನುಕೂಲ ಇಲ್ಲವೆಂದು ನಾನು ಹೇಳುವುದಿಲ್ಲ. ರಾತ್ರಿ ಹತ್ತಕ್ಕೆ ಮೆಟ್ರೋ ಇಳಿದು ಒಬ್ಬಳೇ ನಡೆದುಕೊಂಡು ಬರುತ್ತೇನೆ. ದಾರಿಯುದ್ದಕ್ಕೂ ಬೆಳಕಿರುತ್ತದೆ, ಜನ ಇರುತ್ತಾರೆ. ಬೆಂಗಳೂರಿನ ಎಷ್ಟೋ ಬಡಾವಣೆಗಳಲ್ಲಿ ಆ ಧೈರ್ಯ ಇಲ್ಲ. ಸಂಜೆ ದಿಢೀರ್ ಅಂತ ನೆಂಟರು ಬಂದರೆ ಹತ್ತು ನಿಮಿಷದಲ್ಲಿ ಸಾಮಾನು ತರಬಹುದು. ಇದಕ್ಕೆಲ್ಲ ಬಾಡಿಗೆ ಜಾಸ್ತಿ ಅಂದರೆ ಕೊಡೋಣ. ನನ್ನ ತಕರಾರು ಬಾಡಿಗೆಯ ಮೇಲಲ್ಲ.

ನಮ್ಮ ಮನೆ ಇರುವುದು ಮಾಲ್‌ನ ಹಿಂಬದಿಗೆ. ಅಂಗಡಿಗಳಿಗೆ ಸರಕು ಬರುವ ಗೇಟು ನಮ್ಮ ಮಲಗುವ ಕೋಣೆಯ ಎದುರಿಗಿದೆ. ಹಗಲು ಟ್ರಾಫಿಕ್ ಅಂತ ಲಾರಿಗಳು ಮಧ್ಯರಾತ್ರಿ ಮೇಲೆ ಬರುತ್ತವೆ. ರಿವರ್ಸ್ ತೆಗೆಯುವಾಗಿನ ಆ ಕುಯ್ ಕುಯ್ ಸದ್ದು, ಕಬ್ಬಿಣದ ಶಟರ್ ಎಳೆಯುವುದು, ಟ್ರಾಲಿ ಚಕ್ರ ಸಿಮೆಂಟಿನ ಮೇಲೆ ಉರುಳುವುದು. ಕರೆಂಟ್ ಹೋದರೆ ದೊಡ್ಡ ಜನರೇಟರ್ ಶುರುವಾಗುತ್ತದೆ, ಕಿಟಕಿಯ ಗಾಜು ನಡುಗುತ್ತದೆ. ಫುಡ್ ಕೋರ್ಟಿನ ಹೊಗೆ ಕೊಳವೆಯೂ ಈ ಕಡೆಗೇ. ಕರಿದ ಎಣ್ಣೆಯ ವಾಸನೆ ಒಣಗಲು ಹಾಕಿದ ಬಟ್ಟೆಗೂ ಹತ್ತಿರುತ್ತದೆ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ 45 ಡೆಸಿಬೆಲ್ ಮಿತಿ. ವಾಣಿಜ್ಯ ಪ್ರದೇಶದಲ್ಲಿ 55. ಒಂದು ಕಾಂಪೌಂಡ್ ಗೋಡೆಯ ಆಚೆ ಅಂಗಡಿ, ಈಚೆ ಮನೆ ಇರುವ ನಮ್ಮಂಥ ಕಡೆ ಯಾವ ಮಿತಿ ಅಂತ ಯಾರನ್ನು ಕೇಳುವುದು?

ಸೊಸೈಟಿಯನ್ನು ಕೇಳಿದೆವು. ಅಲ್ಲಿ ಸದಸ್ಯರು ಓನರ್‌ಗಳು. ಮೀಟಿಂಗಿನಲ್ಲಿ ಮತ ಹಾಕುವವರು ಅವರೇ. ನಾವು ಕೊಡುವುದು ಮೇಂಟೆನೆನ್ಸ್, ಬಂದ ದಿನ ಕೊಡುವುದು ಮೂವ್-ಇನ್ ಚಾರ್ಜ್. ನಮ್ಮ ಮಾತಿಗೆ ಅಲ್ಲಿ ಜಾಗ ಇಲ್ಲ. ‘ನಿಮ್ಮ ಓನರ್ ಕೈಲಿ ಹೇಳಿಸಿ’ ಅಂದರು. ಓನರ್‌ಗೆ ಹೇಳಿದರೆ, ‘ನಿಮಗೆ ಆಗಲ್ಲ ಅಂದ್ರೆ ಬೇರೆ ಕಡೆ ನೋಡ್ಕೊಳಿ ಮೇಡಂ, ಬರೋರು ಸಾಲು ನಿಂತಿದಾರೆ’ ಅಂದರು. ಅವರ ಕೈಯಲ್ಲಿ ನಮ್ಮ ಎರಡು ಲಕ್ಷಕ್ಕೂ ಜಾಸ್ತಿ ದುಡ್ಡಿದೆ. ಎರಡನೇ ಸಲ ಫೋನ್ ಮಾಡುವ ಮನಸ್ಸು ಯಾರಿಗೆ ಬರುತ್ತದೆ ಹೇಳಿ.

2024ರ ಬೇಸಿಗೆಯಲ್ಲೂ ಇದೇ ಕಥೆ. ಬೋರ್‌ವೆಲ್ ಬತ್ತಿತು. ಟ್ಯಾಂಕರ್ ರೇಟು ಕೈ ಮೀರಿತು. ಜಿಲ್ಲಾಡಳಿತ ಮಧ್ಯೆ ಬಂದು ಐದು ಕಿಲೋಮೀಟರ್ ಒಳಗೆ 6,000 ಲೀಟರ್ ಟ್ಯಾಂಕರ್‌ಗೆ 600 ರೂಪಾಯಿ, 12,000 ಲೀಟರ್‌ಗೆ 1,000 ಅಂತ ದರ ಕಟ್ಟಿತು. ಅದು ಒಳ್ಳೆಯ ಕೆಲಸ. ಆದರೆ ನೀರಿನ ಹೆಚ್ಚುವರಿ ಖರ್ಚು ಓನರ್ ಕೊಡಬೇಕಾ, ಬಾಡಿಗೆಯವರು ಕೊಡಬೇಕಾ ಅನ್ನುವುದು ನಮ್ಮ ಅಗ್ರಿಮೆಂಟಿನಲ್ಲಿ ಎಲ್ಲೂ ಇರಲಿಲ್ಲ. ಪ್ರತಿ ಬಾಡಿಗೆ ಮನೆಗೂ ಮೇಂಟೆನೆನ್ಸ್ ಬಿಲ್ಲಿನಲ್ಲಿ ಸೇರಿಸಿದರು, ಎಲ್ಲರೂ ಕಟ್ಟಿದೆವು. ಆ ವರ್ಷ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆ ಆಯಿತು. 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳಿಗೆ ನೀರು ಅಂದಾಗ ನಮಗೂ ಖುಷಿಯಾಗಿತ್ತು.

ಈಗ ಅಡ್ವಾನ್ಸ್ ವಾಪಸ್ ತೆಗೆದುಕೊಳ್ಳುವ ದಿನ ಹೇಗಿರುತ್ತದೆ ಅಂತ ಹೇಳಬೇಕು. ಹಿಂದಿನ ಮನೆ ಬಿಡುವಾಗ ಓನರ್ ತಮ್ಮನನ್ನು ಕಳಿಸಿದ್ದರು. ಮಟಮಟ ಮಧ್ಯಾಹ್ನ, ಮನೆ ತುಂಬ ಬೆಳಕು. ಆದರೂ ಆತ ಮೊಬೈಲ್ ಟಾರ್ಚ್ ಹಾಕಿಕೊಂಡು ಗೋಡೆಗೆ ಮುಖ ಹತ್ತಿಸಿ ನೋಡುತ್ತಾ ಬಂದ. ಕ್ಯಾಲೆಂಡರ್ ತೂಗು ಹಾಕಿದ್ದ ಮೊಳೆಯ ತೂತು ಬರೆದುಕೊಂಡ. ಮಗಳ ಎತ್ತರ ಗುರುತು ಮಾಡಿದ್ದ ಪೆನ್ಸಿಲ್ ಗೆರೆಗಳನ್ನು ಬರೆದುಕೊಂಡ. ಸಿಂಕ್ ಕೆಳಗಿನ ಪ್ಲೈವುಡ್ ಉಬ್ಬಿರುವುದಕ್ಕೆ ನಾಲ್ಕು ಸಾವಿರ ಅಂದ. ಅಲ್ಲಿ ಪೈಪ್ ಸೋರುತ್ತಿದೆ ಅಂತ ನಾವೇ ಫೋಟೊ ತೆಗೆದು ಅವರ ಅಣ್ಣನಿಗೆ ವಾಟ್ಸಾಪ್ ಮಾಡಿದ್ದೆವು. ಆ ಮೆಸೇಜ್ ತೋರಿಸಿದೆ. ‘ಅದೆಲ್ಲ ಅಣ್ಣನ ಹತ್ರ ಮಾತಾಡಿ’ ಅಂದ. ಪೇಂಟಿಂಗಿಗೆ ಒಂದು ತಿಂಗಳ ಬಾಡಿಗೆ, ಕ್ಲೀನಿಂಗಿಗೆ ಬೇರೆ, ಗೀಸರ್ ಸರ್ವಿಸ್‌ಗೆ ಬೇರೆ. ಯಾವುದಕ್ಕೂ ಬಿಲ್ ಇಲ್ಲ. ಉಳಿದದ್ದಾದರೂ ಯಾವಾಗ ಅಂದರೆ, ‘ಹೊಸಬರು ಬಂದು ಅಡ್ವಾನ್ಸ್ ಕೊಟ್ಟ ಮೇಲೆ ಹಾಕ್ತೀವಿ.’

ಈ ಮಾತಿನಲ್ಲೇ ರೋಗದ ಮೂಲ ಇದೆ. ನಾವು ಕೊಟ್ಟ ದುಡ್ಡು ಅವರ ಹತ್ತಿರ ಇರುವುದಿಲ್ಲ. ಖರ್ಚಾಗಿರುತ್ತದೆ. ಮುಂದಿನ ಬಾಡಿಗೆದಾರರು ಕೊಡುವ ದುಡ್ಡಿನಿಂದ ಹಿಂದಿನವರಿಗೆ ಕೊಡುತ್ತಾರೆ. ಆದರೆ ನಮ್ಮ ಹೊಸ ಮನೆಯ ಓನರ್ ಬೀಗ ಕೊಡುವ ಮೊದಲೇ ಪೂರ್ತಿ ಅಡ್ವಾನ್ಸ್ ಕೇಳುತ್ತಾರೆ. ಹಳೆಯದು ಬಂದಿಲ್ಲ, ಹೊಸದು ಕೊಡಬೇಕು. ಮಧ್ಯದ ಆ ಕೆಲವು ವಾರ ದಾಟಲು ನಾನು ಬಳೆ ಅಡ ಇಟ್ಟೆ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಹೀಗೆ ಮಾಡಿದವಳು ನಾನೊಬ್ಬಳೇ ಅಲ್ಲ. ಪರ್ಸನಲ್ ಲೋನ್ ತೆಗೆದವರಿದ್ದಾರೆ, ಊರಿನಲ್ಲಿ ಅಪ್ಪನ ಹತ್ತಿರ ಕೇಳಿದವರಿದ್ದಾರೆ. 2020ರಲ್ಲಿ ಕೊರೊನಾ ಬಂದು ಜನ ಮನೆ ಖಾಲಿ ಮಾಡಿ ಊರಿಗೆ ಹೊರಟಾಗ ಹೊಸಬರು ಬರಲಿಲ್ಲ. ಆಗ ಅಡ್ವಾನ್ಸ್‌ಗಾಗಿ ತಿಂಗಳುಗಟ್ಟಲೆ ಫೋನ್ ಮಾಡಿಕೊಂಡು ಕೂತ ಸ್ನೇಹಿತರು ನನಗೆ ಗೊತ್ತು.

ಲೆಕ್ಕ ಹಾಕೋಣ. ನಮ್ಮ ಕಡೆ ಎರಡು ರೂಮಿನ ಫ್ಲಾಟಿಗೆ 35,000 ಬಾಡಿಗೆ ಅಂತಿಟ್ಟುಕೊಳ್ಳಿ. ಹಿಂದೆ ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಅಂದರೆ ಮರುಮಾತಿಲ್ಲ. ಈಗ ಕೆಲವು ಕಡೆ ಐದಾರು ತಿಂಗಳಿಗೆ ಇಳಿದಿದೆ. ಆರು ತಿಂಗಳು ಅಂದರೂ 2,10,000. ಬ್ಯಾಂಕಿನಲ್ಲಿ ಏಳು ಪರ್ಸೆಂಟಿಗೆ ಇಟ್ಟರೆ ವರ್ಷಕ್ಕೆ 14,700 ರೂಪಾಯಿ ಬಡ್ಡಿ. ಅದು ನಮಗೆ ಬರುವುದಿಲ್ಲ. ಅಂದರೆ ಪ್ರತಿ ತಿಂಗಳು ಕಣ್ಣಿಗೆ ಕಾಣದ ಇನ್ನೊಂದು ಸುಮಾರು 1,200 ರೂಪಾಯಿ ಬಾಡಿಗೆ ಕೊಡುತ್ತಿದ್ದೇವೆ.

ಇದಕ್ಕೆಲ್ಲ ಕಾನೂನು ಇಲ್ಲವಾ ಅಂತ ಪೊಲೀಸ್ ಸ್ಟೇಷನ್‌ನಲ್ಲಿ ಕೇಳಿದರೆ, ‘ಇದು ಸಿವಿಲ್ ಮ್ಯಾಟರ್, ಕೋರ್ಟಿಗೆ ಹೋಗಿ’ ಅನ್ನುತ್ತಾರೆ. ಅವರ ಮಾತು ತಪ್ಪಲ್ಲ. ಬಾಡಿಗೆಗೆ ಅಂತಲೇ ಕರ್ನಾಟಕ ಬಾಡಿಗೆ ಅಧಿನಿಯಮ, 1999 ಇದೆ. 1961ರ ಹಳೆಯ ಬಾಡಿಗೆ ನಿಯಂತ್ರಣ ಕಾಯ್ದೆಯ ಜಾಗಕ್ಕೆ ಬಂದು, 2001ರ ಕೊನೆಯ ದಿನದಿಂದ ಜಾರಿಯಲ್ಲಿದೆ. ಆದರೆ ಬೆಂಗಳೂರಿನಂಥ ದೊಡ್ಡ ಊರುಗಳಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯ ಮನೆಗಳಿಗೆ ಅದು ಅನ್ವಯಿಸುವುದೇ ಇಲ್ಲ. ಉಳಿದ ಊರುಗಳಲ್ಲಿ ಆ ಮಿತಿ 2,000 ರೂಪಾಯಿ. ಇವತ್ತು 3,500ಕ್ಕೆ ಬೆಂಗಳೂರಿನಲ್ಲಿ ಎಲ್ಲಿ ಮನೆ ಸಿಗುತ್ತದೆ? ನಮ್ಮ ಏರಿಯಾದಲ್ಲಿ ಬರೀ ಕಾರ್ ಪಾರ್ಕಿಂಗಿಗೆ ಅಷ್ಟು ಕೇಳುವವರಿದ್ದಾರೆ. ಆ ಕಾಯ್ದೆಯಿಂದ ಆಚೆ ಬಿದ್ದವರಿಗೆ ಉಳಿಯುವುದು 1882ರ ಆಸ್ತಿ ವರ್ಗಾವಣೆ ಕಾಯ್ದೆ ಮತ್ತು ಸಿವಿಲ್ ಕೋರ್ಟ್. ನಲವತ್ತು ಸಾವಿರ ವಾಪಸ್ ಪಡೆಯಲು ವಕೀಲರಿಗೆ ಎಷ್ಟು ಕೊಡುವುದು, ಎಷ್ಟು ದಿನ ರಜೆ ಹಾಕುವುದು? ಎಲ್ಲರೂ ‘ಹೋಗ್ಲಿ ಬಿಡಿ’ ಅಂದುಬಿಡುತ್ತಾರೆ. ಮುಂದಿನ ಬಾಡಿಗೆದಾರರಿಗೂ ಹಾಗೇ ಮುರಿದುಕೊಳ್ಳುವ ಧೈರ್ಯ ಓನರ್‌ಗಳಿಗೆ ಬರುವುದು ಅದರಿಂದಲೇ.

ಹನ್ನೊಂದು ತಿಂಗಳ ಅಗ್ರಿಮೆಂಟಿನ ಕಥೆಯೂ ಇದಕ್ಕೆ ಹೊಂದಿಕೊಂಡಿದೆ. 1908ರ ನೋಂದಣಿ ಕಾಯ್ದೆ ಪ್ರಕಾರ ಒಂದು ವರ್ಷ ಮೀರಿದ ಬಾಡಿಗೆ ಕರಾರು ರಿಜಿಸ್ಟರ್ ಆಗಲೇಬೇಕು. ಅದನ್ನು ತಪ್ಪಿಸಲು ಹನ್ನೊಂದು ತಿಂಗಳು. ಇ-ಸ್ಟಾಂಪ್ ಪೇಪರ್ ಮೇಲೆ ಟೈಪ್ ಮಾಡಿಸಿ, ಇಬ್ಬರೂ ಸಹಿ ಹಾಕಿದರೆ ಮುಗಿಯಿತು. ಆ ಕಾಗದ ಎಲ್ಲಿ ಕೈ ಕೊಡುತ್ತದೆ ನೋಡಿ. ಮತದಾರರ ಪಟ್ಟಿಗೆ ಹೆಸರು ಸೇರಿಸುವ ನಮೂನೆ 6ರಲ್ಲಿ ಬಾಡಿಗೆದಾರರು ವಿಳಾಸಕ್ಕೆ ಕೊಡಬಹುದಾದ ದಾಖಲೆ ಅಂತ ಬರೆದಿರುವುದು ನೋಂದಾಯಿತ ಬಾಡಿಗೆ ಪತ್ರ. ನಮ್ಮ ಬಳಿ ಇರುವುದು ನೋಂದಾಯಿತವಲ್ಲ. ಬ್ಯಾಂಕ್ ಪಾಸ್‌ಬುಕ್, ಆಧಾರ್ ಅಂತ ಬೇರೆ ದಾರಿ ಇದೆ ನಿಜ. ಆದರೆ ಪ್ರತಿ ಸಲ ಮನೆ ಬದಲಿಸಿದಾಗ ಎಲ್ಲ ಕಡೆ ವಿಳಾಸ ತಿದ್ದಿಸುತ್ತಾ ಹೋಗುವುದು ಸುಮ್ನೆ ಮಾತಲ್ಲ. ಎಷ್ಟೋ ಜನ ಹಳೆಯ ಊರಿನ ಪಟ್ಟಿಯಲ್ಲೇ ಉಳಿದುಬಿಡುತ್ತಾರೆ. ಇಲ್ಲಿನ ರಸ್ತೆ, ನೀರು, ಕಸದ ಬಗ್ಗೆ ಮತ ಕೇಳಲು ಬರುವವರಿಗೆ ನಾವು ಲೆಕ್ಕಕ್ಕೇ ಇಲ್ಲ. ಈಗ ಬೆಂಗಳೂರಿಗೆ ಐದು ನಗರ ಪಾಲಿಕೆಗಳಾಗಿವೆ, ನಾವು ಪೂರ್ವ ಪಾಲಿಕೆಗೆ ಬಂದಿದ್ದೇವೆ. ಚುನಾವಣೆ ಆಗುವಾಗ ನಮ್ಮಂಥವರ ಹೆಸರು ಪಟ್ಟಿಯಲ್ಲಿ ಇರಬೇಕಲ್ವಾ?

ಸರ್ಕಾರಕ್ಕೆ ಬಾಡಿಗೆದಾರರು ಕಾಣುವುದಿಲ್ಲ ಅಂತ ಹೇಳಿದರೆ ತಪ್ಪಾಗುತ್ತದೆ. 2023ರಲ್ಲಿ ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆ ಬಂದಾಗ ಬಾಡಿಗೆ ಮನೆಯವರೂ ಅರ್ಜಿ ಹಾಕಬಹುದು ಅಂತ ಸರ್ಕಾರ ಸ್ಪಷ್ಟವಾಗಿ ಹೇಳಿತು. ಮನೆ ಬದಲಿಸುವವರಿಗಾಗಿ ಆಮೇಲೆ ಹಳೆಯ ಮನೆಯ ಕರೆಂಟ್ ಖಾತೆಯಿಂದ ಆಧಾರ್ ಬಿಡಿಸುವ (ಡಿ-ಲಿಂಕ್) ವ್ಯವಸ್ಥೆಯನ್ನೂ ಕೊಟ್ಟಿತು. ಜನ ಒಂದು ಮನೆಯಿಂದ ಇನ್ನೊಂದಕ್ಕೆ ಹೋಗುತ್ತಾರೆ ಅನ್ನುವುದನ್ನು ಅರ್ಥ ಮಾಡಿಕೊಂಡು ಮಾಡಿದ ಕೆಲಸ ಅದು. ಅದೇ ಕಣ್ಣಿನಿಂದ ಬಾಡಿಗೆ ಕಾನೂನನ್ನೂ ನೋಡಿ ಅಂತ ನನ್ನ ಬೇಡಿಕೆ.

ಹೊಸದಾಗಿ ಏನೂ ಕಂಡುಹಿಡಿಯಬೇಕಾಗಿಲ್ಲ. ಕೇಂದ್ರ ಸಂಪುಟ 2021ರ ಜೂನ್ 2ರಂದು ಮಾದರಿ ಬಾಡಿಗೆ ಕಾಯ್ದೆಯನ್ನು ಒಪ್ಪಿ ರಾಜ್ಯಗಳಿಗೆ ಕಳಿಸಿದೆ. ಅದರಲ್ಲಿ ವಾಸದ ಮನೆಗೆ ಅಡ್ವಾನ್ಸ್ ಎರಡು ತಿಂಗಳ ಬಾಡಿಗೆ ಮೀರುವಂತಿಲ್ಲ. ಖಾಲಿಯಾದ ಮನೆಯನ್ನು ಓನರ್ ವಶಕ್ಕೆ ಪಡೆಯುವ ಹೊತ್ತಿಗೇ ಕಡಿತ ಮಾಡಿ ಉಳಿದದ್ದು ಕೊಡಬೇಕು. ಓನರ್ ಮನೆಯೊಳಗೆ ಬರಬೇಕಾದರೆ 24 ಗಂಟೆ ಮೊದಲೇ ತಿಳಿಸಬೇಕು. ಜಗಳ ಏನೇ ಇದ್ದರೂ ನೀರು, ಕರೆಂಟ್ ಕಡಿಯುವ ಹಾಗಿಲ್ಲ. ವ್ಯಾಜ್ಯ ಬಂದರೆ ಬಾಡಿಗೆ ಪ್ರಾಧಿಕಾರ, ಬಾಡಿಗೆ ನ್ಯಾಯಾಲಯ ಅಂತ ಬೇರೆಯೇ ಇರುತ್ತವೆ, ವರ್ಷಗಟ್ಟಲೆ ಅಲೆಯುವುದು ತಪ್ಪುತ್ತದೆ. ಉತ್ತರ ಪ್ರದೇಶ 2021ರಲ್ಲೇ ಎರಡು ತಿಂಗಳ ಮಿತಿ ಹಾಕಿತು. ತಮಿಳುನಾಡು ಅದಕ್ಕೂ ಮೊದಲೇ, 2017ರಲ್ಲಿ ಕಾಯ್ದೆ ಮಾಡಿ 2019ರಿಂದ ಜಾರಿಗೆ ತಂದಿತು. ಅಲ್ಲಿ ಮೂರು ತಿಂಗಳ ಬಾಡಿಗೆ ಅನ್ನುವುದು ಲೆಕ್ಕ, ಆದರೆ ಇಬ್ಬರೂ ಬೇರೆ ಥರ ಒಪ್ಪಿಕೊಂಡರೆ ಜಾಸ್ತಿಯೂ ಆಗಬಹುದು. ನಮ್ಮಲ್ಲಿ ಆ ಸಂದು ಬಿಡಬೇಡಿ. ಮನೆ ಬೇಕಾದವರ ಕೈಲಿ ಓನರ್ ಯಾವುದಕ್ಕೆ ಬೇಕಾದರೂ ಒಪ್ಪಿಗೆ ಸಹಿ ಹಾಕಿಸಿಕೊಳ್ಳಬಹುದು.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಇದು ಐಟಿಯವರ ಕಷ್ಟ ಅಂತ ಕೈ ಬಿಡಬೇಡಿ. ಮಾಲ್‌ನಲ್ಲಿ ಬಟ್ಟೆ ಮಡಿಸಿಡುವ ಹುಡುಗಿ, ಬಿಲ್ಲಿಂಗ್ ಕೌಂಟರ್‌ನಲ್ಲಿ ಹತ್ತು ಗಂಟೆ ನಿಲ್ಲುವ ಹುಡುಗ, ಪಾರ್ಕಿಂಗಿನ ಬೇಸ್‌ಮೆಂಟಿನಲ್ಲಿ ಹೊಗೆ ಕುಡಿಯುತ್ತಾ ವಿಸಲ್ ಊದುವ ಸೆಕ್ಯುರಿಟಿಯಣ್ಣ, ಇವರು ಎಲ್ಲಿರುತ್ತಾರೆ ಅಂತ ನಾನು ಮಾತಾಡಿಸಿ ಕೇಳಿದ್ದೇನೆ. ರಾಯಚೂರು, ಕಲಬುರಗಿ ಕಡೆಯವರಿದ್ದಾರೆ, ಅಸ್ಸಾಂ, ಮಣಿಪುರದವರಿದ್ದಾರೆ. ಗರುಡಾಚಾರ್‌ಪಾಳ್ಯ, ಹೂಡಿ ಕಡೆಯ ಗಲ್ಲಿಗಳಲ್ಲಿ ಒಂದು ರೂಮಿಗೆ ನಾಲ್ಕೈದು ಜನ. ಸ್ವಂತಕ್ಕೆ ಒಂದು ಸಣ್ಣ ಮನೆ ಮಾಡಿ ತಾಯಿಯನ್ನು ಕರೆಸಿಕೊಳ್ಳಬೇಕು ಅಂತ ಒಬ್ಬಳಿಗೆ ಆಸೆ. ಬಾಡಿಗೆ ಒಂಬತ್ತು ಸಾವಿರ, ಅದು ಹೇಗೋ ಆಗುತ್ತದೆ. ಅಡ್ವಾನ್ಸ್ ತೊಂಬತ್ತು ಸಾವಿರ ಅಂದರಂತೆ. ಅವಳ ಸಂಬಳಕ್ಕೆ ಅದು ಎಟುಕುವ ಮಾತೇ ಅಲ್ಲ. ಬಡವರಿಗೆ ಅಂತ ಮಾಡಿದ 3,500ರ ಮಿತಿಯ ಕಾಯ್ದೆ ಅವಳ ಒಂಬತ್ತು ಸಾವಿರದ ರೂಮಿಗೂ ಬರುವುದಿಲ್ಲ. ತಿಂಗಳ ಬಾಡಿಗೆ ಕೊಡುವ ಶಕ್ತಿ ಇರುವವಳನ್ನು ಅಡ್ವಾನ್ಸ್ ಒಂದೇ ಪಿಜಿಯಲ್ಲಿ ಕಟ್ಟಿಹಾಕಿದೆ.

ಓನರ್‌ಗಳ ಕಡೆಯಿಂದಲೂ ಯೋಚನೆ ಮಾಡಿದ್ದೇನೆ. ಎಲ್ಲರೂ ಹತ್ತು ಫ್ಲಾಟ್ ಇಟ್ಟುಕೊಂಡವರಲ್ಲ. ರಿಟೈರ್ ಆದ ದುಡ್ಡು ಹಾಕಿ ಒಂದು ಫ್ಲಾಟ್ ತೆಗೆದು, ಆ ಬಾಡಿಗೆಯಲ್ಲಿ ಔಷಧಿ ಖರ್ಚು ನೋಡಿಕೊಳ್ಳುವ ಹಿರಿಯರಿದ್ದಾರೆ. ಬಾಡಿಗೆ ಕೊಡದೆ, ಖಾಲಿಯೂ ಮಾಡದೆ ಸತಾಯಿಸಿದ ಬಾಡಿಗೆದಾರರ ಕಥೆ ಅವರ ಹತ್ತಿರವೂ ಇದೆ. ಅವರ ಭಯ ನಿಜ. ಆದರೆ ಅದಕ್ಕೆ ಉತ್ತರ ಅದೇ ಮಾದರಿ ಕಾಯ್ದೆಯಲ್ಲಿದೆ. ಅವಧಿ ಮುಗಿದ ಮೇಲೂ ಮನೆ ಬಿಡದಿದ್ದರೆ ಮೊದಲ ಎರಡು ತಿಂಗಳು ಎರಡು ಪಟ್ಟು ಬಾಡಿಗೆ, ಆಮೇಲೆ ನಾಲ್ಕು ಪಟ್ಟು. ಬೇಗ ತೀರ್ಪು ಕೊಡುವ ನ್ಯಾಯಾಲಯ ಇದ್ದರೆ ಓನರ್‌ಗೂ ಹತ್ತು ತಿಂಗಳ ದುಡ್ಡು ಕೈಯಲ್ಲಿ ಇಟ್ಟುಕೊಳ್ಳುವ ಅಗತ್ಯ ಬರುವುದಿಲ್ಲ. ಈಗ ಇಬ್ಬರಿಗೂ ಕೋರ್ಟ್ ಅಂದರೆ ಹೆದರಿಕೆ. ಆ ಹೆದರಿಕೆಯ ಬೆಲೆಯನ್ನು ಕಟ್ಟುತ್ತಿರುವವರು ಬಾಡಿಗೆದಾರರು ಮಾತ್ರ.

ಹಾಗಾಗಿ ಮುಂದಿನ ಅಧಿವೇಶನದಲ್ಲೇ ಮಸೂದೆ ತನ್ನಿ. 3,500 ರೂಪಾಯಿಯ ಮಿತಿ ತೆಗೆದುಹಾಕಿ. ಎರಡು ತಿಂಗಳ ಅಡ್ವಾನ್ಸ್ ಅಂತ ಬರೆಯಿರಿ, ಒಪ್ಪಂದದ ಹೆಸರಲ್ಲಿ ಅದನ್ನು ಮೀರಲು ಬಿಡಬೇಡಿ. ಬಿಲ್ ಇಲ್ಲದೆ ಒಂದು ರೂಪಾಯಿಯನ್ನೂ ಮುರಿದುಕೊಳ್ಳುವಂತಿಲ್ಲ ಅನ್ನಿ. ವರ್ಷಗಳಿಂದ ಇದ್ದ ಮನೆಗೆ ಬಣ್ಣ ಹೊಡೆಸುವುದು ಮನೆಯ ಯಜಮಾನರ ಖರ್ಚು ಅಂತ ಸ್ಪಷ್ಟ ಮಾಡಿ. ಅಗ್ರಿಮೆಂಟನ್ನು ಮನೆಯಿಂದಲೇ ಆನ್‌ಲೈನ್‌ನಲ್ಲಿ, ಕಡಿಮೆ ಶುಲ್ಕಕ್ಕೆ ನೋಂದಣಿ ಮಾಡುವ ಹಾಗಿದ್ದರೆ ಹನ್ನೊಂದು ತಿಂಗಳ ಆಟ ತಾನಾಗಿಯೇ ನಿಲ್ಲುತ್ತದೆ. ಅಪಾರ್ಟ್‌ಮೆಂಟ್ ಕಾನೂನು ತಿದ್ದುವಾಗ ನೀರು, ಸದ್ದು, ಸುರಕ್ಷತೆಯಂಥ ವಿಷಯಗಳಲ್ಲಿ ಅಲ್ಲಿ ವಾಸ ಇರುವ ಬಾಡಿಗೆದಾರರ ಅಹವಾಲನ್ನೂ ಸಂಘ ಬರಹದಲ್ಲಿ ತೆಗೆದುಕೊಂಡು ಉತ್ತರ ಕೊಡಬೇಕು ಅಂತ ಸೇರಿಸಿ.

ಇದನ್ನು ಓದುತ್ತಿರುವ ಬಾಡಿಗೆ ಮನೆಯವರಿಗೂ ಒಂದು ಮಾತು. ಅಗ್ರಿಮೆಂಟಿಗೆ ಸಹಿ ಹಾಕುವ ಮೊದಲು ಪೇಂಟಿಂಗ್ ಕಡಿತಕ್ಕೆ ಒಂದು ಮೊತ್ತ ಬರೆಸಿಕೊಳ್ಳಿ. ಬಂದ ದಿನವೇ ಪ್ರತಿ ಗೋಡೆ, ಪ್ರತಿ ನಲ್ಲಿಯ ವಿಡಿಯೊ ತೆಗೆದು ಓನರ್‌ಗೆ ಕಳಿಸಿ. ಅಡ್ವಾನ್ಸನ್ನು ಬ್ಯಾಂಕ್ ಮೂಲಕವೇ ಕೊಡಿ, ಕೈಯಲ್ಲಿ ಬೇಡ. ಆಮೇಲೆ ನಿಮ್ಮ ಕ್ಷೇತ್ರದ ಶಾಸಕರಿಗೆ, ಯಾವ ಪಕ್ಷದವರೇ ಆಗಲಿ, ಎರಡು ತಿಂಗಳ ಮಿತಿಯ ಬಗ್ಗೆ ಒಂದು ಕಾಗದ ಬರೆಯಿರಿ. ನಿಮ್ಮ ಹೆಸರು ಎಲ್ಲಿನ ಮತದಾರರ ಪಟ್ಟಿಯಲ್ಲಿದೆ ಅಂತಲೂ ಇವತ್ತೇ ನೋಡಿಕೊಳ್ಳಿ.

ಮಾನ್ಯರೇ, ನಿಮ್ಮ ಉತ್ತರವನ್ನು ಸದನದಲ್ಲಿ ಕೇಳಬೇಕು ಅಂತ ಆಸೆ ಇದೆ.

ಇಂತಿ ತಮ್ಮ ವಿಶ್ವಾಸಿ,
ಮಹದೇವಪುರ ಕ್ಷೇತ್ರದ ಒಬ್ಬ ಬಾಡಿಗೆ ಮನೆಯವಳು